ಹೊಸ ಮನೆಗೆ ಹಳೆ ಕುರ್ಚಿ

2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನದಿದಂಡೆಯ ಊರುಗಳಿಗೆ ನುಗ್ಗಿದವು. ನೀರು ಇಳಿದ ಮೇಲೆ ಮನೆ ಮನೆಯ ಮುಂದೆ ಕೆಸರು ಮೆತ್ತಿದ ಸಾಮಾನಿನ ರಾಶಿ ಬಿತ್ತು. ಗಾದಿ, ಟ್ರಂಕು, ಕಾಳಿನ ಚೀಲ, ಮಕ್ಕಳ ಪುಸ್ತಕ. ಅವುಗಳ ನಡುವೆ ಕಾಲು ಕಳಚಿದ, ಬೆನ್ನು ಬಿಚ್ಚಿಕೊಂಡ ಹಳೆಯ ಕಟ್ಟಿಗೆ ಕುರ್ಚಿಗಳು. ಇನ್ನು ಇವು ಕೆಲಸಕ್ಕೆ ಬಾರವು ಎಂದು ಕೆಲವರು ನೀರೊಲೆಗೆ ಹಾಕಿದರು, ಕೆಲವರು ಗುಜರಿಯವನ ಟೆಂಪೊಗೆ ಏರಿಸಿದರು. ಅವುಗಳಲ್ಲಿ ಎಷ್ಟೋ ಕುರ್ಚಿಗಳು ಮುರಿದಿರಲೇ ಇಲ್ಲ. ಅಂಟು ಬಿಟ್ಟಿತ್ತು, ಅಷ್ಟೇ.

ಹಿಂದಿನ ಬಡಿಗೇರರು ಕುರ್ಚಿಗೆ ಮೊಳೆ ಹೊಡೆಯುತ್ತಿದ್ದುದು ಕಡಿಮೆ. ಒಂದು ಕಟ್ಟಿಗೆಯ ತುದಿಯನ್ನು ಸಣ್ಣದಾಗಿ ಕೆತ್ತಿ, ಇನ್ನೊಂದು ಕಟ್ಟಿಗೆಯಲ್ಲಿ ಅದೇ ಅಳತೆಯ ತೂತು ಕೊರೆದು, ಎರಡನ್ನೂ ಬಿಗಿಯಾಗಿ ಕೂಡಿಸಿ ನಡುವೆ ಸರೇಸು ಹಚ್ಚುತ್ತಿದ್ದರು. ದನದ ಚರ್ಮ, ಎಲುಬು ಕುದಿಸಿ ಮಾಡಿದ ಈ ಅಂಟು ಒಣಗಿದರೆ ಕಲ್ಲು. ಆದರೆ ನೀರಿನಲ್ಲಿ ನೆನೆದರೆ, ಬಿಸಿ ತಾಕಿದರೆ ಮೆತ್ತಗಾಗುತ್ತದೆ. ದಿನಗಟ್ಟಲೆ ನೀರಿನಲ್ಲಿ ನಿಂತ ಕುರ್ಚಿ ತನ್ನ ಸಂದುಗಳಲ್ಲಿ ಬಿಚ್ಚಿಕೊಂಡಿತೇ ಹೊರತು ಕಟ್ಟಿಗೆಗೆ ಏನೂ ಆಗಿರಲಿಲ್ಲ. ಬಿಡಿಭಾಗಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಅಂಟು ಹಚ್ಚಿ ಕೂಡಿಸಿದ್ದರೆ ಇನ್ನೊಂದು ತಲೆಮಾರಿಗೆ ಬಾಳುತ್ತಿತ್ತು. ಇದನ್ನು ಬಲ್ಲವರು ಮನೆಯಲ್ಲಿ ಇಲ್ಲದ್ದರಿಂದ ಅಜ್ಜನ ಕುರ್ಚಿ ಸೌದೆಯಾಯಿತು. 2005ರ ಮಹಾಪೂರದಲ್ಲೂ ಹೀಗೇ ಆಗಿತ್ತು, 2021ರಲ್ಲೂ ಆಯಿತು.

ಈಗ ಬೋರಗಾಂವಕ್ಕೆ ಬಂದು ನೋಡಿ. ದೂಧಗಂಗೆಯ ಈ ಊರಿನಲ್ಲಿ ಕಬ್ಬಿನ ಬಿಲ್ಲು, ಇಚಲಕರಂಜಿಯ ಮಗ್ಗದ ದುಡಿಮೆ, ಮಕ್ಕಳ ಪುಣೆ–ಬೆಂಗಳೂರು ನೌಕರಿ ಎಲ್ಲ ಸೇರಿ ಹೊಸ ಮನೆಗಳು ಎದ್ದಿವೆ. ಮಣ್ಣಿನ ಗೋಡೆಯ ಸೊಪ್ಪಾ, ಅಂದರೆ ಪಡಸಾಲೆ, ಹೋಗಿ ಹಾಲ್ ಬಂದಿದೆ. ನೆಲಕ್ಕೆ ಹೊಳೆಯುವ ಟೈಲ್ಸು, ಮೇಲೆ ಪಿಓಪಿ, ಗೋಡೆಗೆ ದೊಡ್ಡ ಟಿವಿ, ಅದರ ಎದುರು ಮೂಲೆಯಿಂದ ಮೂಲೆಗೆ ಬಾಗಿದ ಸೋಫಾ. ಇಂಥ ಮನೆಗಳಲ್ಲೇ ಈಗ ಹೊಸದೊಂದು ಆಸೆ ಹುಟ್ಟಿದೆ. ಮೊಬೈಲಿನಲ್ಲಿ ನಗರದ ಮನೆಗಳ ಚಿತ್ರ ನೋಡಿದ ಮಗಳು, ಸೊಸೆ ‘ಹಾಲ್‌ನ್ಯಾಗ ಒಂದ್ ಆ್ಯಂಟಿಕ್ ಕುರ್ಚಿ ಇಡೂಣು’ ಎನ್ನುತ್ತಾರೆ. ಬಹಳ ಒಳ್ಳೆಯ ಆಸೆ ಅದು. ಅದಕ್ಕಾಗಿ ಪುಣೆ, ಮುಂಬೈಗೆ ಹೋಗುವ ಮೊದಲು ಹಳೆ ಮನೆಯ ಅಟ್ಟ, ದನದ ಕೊಟ್ಟಿಗೆ, ಹೊಲದ ಗುಡಿಸಲು, ತಂಬಾಕಿನ ವಖಾರಿ ಇಷ್ಟನ್ನು ಒಮ್ಮೆ ನೋಡಿ ಬನ್ನಿ ಎಂಬುದು ನನ್ನ ಮೊದಲ ಮಾತು. ಸಿಕ್ಕ ಕುರ್ಚಿಯನ್ನು ಸರಿಯಾದ ರೀತಿಯಲ್ಲಿ ರಿಪೇರಿ ಮಾಡಿಸಿ, ಅದರಲ್ಲಿ ದಿನಾ ಕೂರಿ ಎಂಬುದು ಎರಡನೆಯದು.

ನಮ್ಮ ಕಡೆಯ ಮನೆಗಳಿಗೆ ಕುರ್ಚಿ ಬಂದದ್ದು ತಡವಾಗಿ. ದೇಸಗತಿಯ ವಾಡೆಯಲ್ಲೂ ಸೊಪ್ಪಾದಲ್ಲಿ ಗಾದಿ, ಲೋಡು, ಜಮಖಾನೆ, ನಡುಮನೆಯಲ್ಲಿ ತೂಗುಮಂಚ, ಊಟಕ್ಕೆ ಮಣೆ. ವ್ಯಾಪಾರಿಗೂ ಗಾದಿಯೇ, ಮುಂದೆ ಲೆಕ್ಕ ಬರೆಯುವ ಇಳಿಜಾರು ಪೆಟ್ಟಿಗೆ. ಈ ನಾಡು 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಮಾಮಲೇದಾರ ಕಚೇರಿ, ಕೋರ್ಟು, ಶಾಲೆ, ರೈಲ್ವೆ ಸ್ಟೇಶನ್ನು, ಬೆಳಗಾವಿಯ ದಂಡು ಪ್ರದೇಶ ಇವುಗಳ ಜೊತೆ ಕುರ್ಚಿ ಬಂತು. ಸುತ್ತಲೂ ಕೊಲ್ಹಾಪುರ, ಸಾಂಗ್ಲಿ, ಮೀರಜ, ಕುರುಂದವಾಡ, ಜಮಖಂಡಿಯ ಸಂಸ್ಥಾನಗಳು. ಮೇಜರ್ ಚಾರ್ಲ್ಸ್ ಮ್ಯಾಂಟ್ ನಕ್ಷೆ ಹಾಕಿದ ಕೊಲ್ಹಾಪುರದ ಹೊಸ ಅರಮನೆ 1877ರಿಂದ 1884ರವರೆಗೆ ಕಟ್ಟಲ್ಪಟ್ಟಿತು. ಅದರ ವಸ್ತುಸಂಗ್ರಹಾಲಯಕ್ಕೆ ಹೋದವರು ಅಂದಿನ ಪೀಠೋಪಕರಣಗಳನ್ನು ಈಗಲೂ ನೋಡಬಹುದು. ಅರಮನೆಯ ಮಾದರಿ ವಾಡೆಗೆ, ವಾಡೆಯದು ಗೌಡರ ಮನೆಗೆ ಇಳಿದು ಬಂದ ಗುರುತು ಹಳೆಯ ಕುರ್ಚಿಗಳ ಮೈಮೇಲೆಯೇ ಇರುತ್ತದೆ. ಮೇಲಿನ ಹಲಗೆಯಲ್ಲಿ ವಿಲಾಯತಿ ಬಳ್ಳಿ, ಅದರ ನಡುವೆ ನಮ್ಮ ನವಿಲು ಇಲ್ಲವೇ ಕಮಲ. ಕೆತ್ತಿದವನು ಊರ ಬಡಿಗೇರ.

ಕುರ್ಚಿ ಬಂದಾಗ ಅದು ಕೂರುವ ಸಾಮಾನು ಆಗಿರಲಿಲ್ಲ, ದರ್ಜೆ ತೋರಿಸುವ ಸಾಮಾನಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳು ‘ಕುರ್ಸಿ ನಶೀನ್’ ಎಂಬ ಪ್ರಮಾಣಪತ್ರ ಕೊಡುತ್ತಿದ್ದರು. ಸಾಹೇಬನ ಭೇಟಿಗೆ ಹೋದಾಗ ಕುರ್ಚಿಯಲ್ಲಿ ಕೂರುವ ಹಕ್ಕು ಈ ವ್ಯಕ್ತಿಗೆ ಇದೆ ಎಂಬುದಕ್ಕೆ ಅದು ದಾಖಲೆ! ಉಳಿದವರು ನಿಂತೇ ಮಾತಾಡಬೇಕು. ನಮ್ಮ ಹಳ್ಳಿಗಳಲ್ಲಿ ಕಾಗದ ಬೇಕಾಗಿರಲಿಲ್ಲ. ಯಾರು ಕುರ್ಚಿಯಲ್ಲಿ, ಯಾರು ಕಟ್ಟೆಯ ಮೇಲೆ, ಯಾರು ಅಂಗಳದಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯ ಹೆಣ್ಣುಮಕ್ಕಳಂತೂ ಹಿರಿಯರ ಎದುರು ಕುರ್ಚಿ ಹತ್ತುವಂತಿರಲಿಲ್ಲ. ಗಡಿಯಾಚೆ ಹಾತಕಣಂಗಲೆ ತಾಲ್ಲೂಕಿನ ಮಾಣಗಾಂವದಲ್ಲಿ 1920ರ ಮಾರ್ಚ್‌ನಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಅಂಬೇಡ್ಕರ್ ಅಧ್ಯಕ್ಷರಾದರು, ಛತ್ರಪತಿ ಶಾಹೂ ಮಹಾರಾಜರೇ ಬಂದು ಅವರನ್ನು ಈ ಜನರ ನಾಯಕ ಎಂದು ಸಾರಿದರು. 1925ರಲ್ಲಿ ಅಂಬೇಡ್ಕರ್ ನಿಪ್ಪಾಣಿಗೂ ಬಂದು ಪರಿಷತ್ತು ನಡೆಸಿದರು. ಅಧ್ಯಕ್ಷ ಪೀಠದಲ್ಲಿ ಅವರು ಕೂತದ್ದು ಈ ನಾಡಿಗೆ ಎಂಥ ದೊಡ್ಡ ಸಂಗತಿ ಎಂಬುದು, ಕುರ್ಚಿ ಅಂದು ಯಾರದಾಗಿತ್ತು ಎಂದು ತಿಳಿದಾಗಲೇ ಅರ್ಥವಾಗುತ್ತದೆ.

ಇದನ್ನೆಲ್ಲ ಹೇಳಿದ್ದು ಹಳೆಯ ಕುರ್ಚಿಯನ್ನು ಹಾಲ್‌ನಲ್ಲಿ ಹೇಗೆ ಇಡಬೇಕು ಎಂಬ ವಿಚಾರಕ್ಕಾಗಿಯೇ. ಅದನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ಮೇಲೆ ದೀಪ ಹಾಕಿ, ‘ಯಾರೂ ಕೂಡಬ್ಯಾಡ್ರಿ, ಹಳೇದೈತಿ’ ಎಂದರೆ ಹಳೆಯ ದರ್ಜೆಯನ್ನೇ ಮರಳಿ ಮನೆಗೆ ತಂದಂತೆ. ಮನೆಗೆಲಸಕ್ಕೆ ಬರುವ ಅಕ್ಕನೂ, ಹೊಲದ ಲೆಕ್ಕ ಹೇಳಲು ಬರುವ ಆಳೂ, ಮನೆಯ ಮುದುಕಿಯೂ ಕೂರುವಂತಿದ್ದರೆ ಆ ಕುರ್ಚಿ ಮನೆಗೆ ಒಪ್ಪುತ್ತದೆ.

ನಮ್ಮ ಭಾಗದಲ್ಲಿ ಸಿಗುವ ಕುರ್ಚಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಆರಾಮ ಕುರ್ಚಿ. ಸಾಗವಾನಿಯದು, ಅಪರೂಪಕ್ಕೆ ಶೀಸಂನದು. ಬೆನ್ನು ಹಿಂದಕ್ಕೆ ವಾಲಿ, ಆಸನ ಮತ್ತು ಬೆನ್ನು ಸೇರಿ ಒಂದೇ ಉದ್ದದ ಬೆತ್ತದ ಹೆಣಿಗೆ. ತೋಳು ಅಗಲ ಹಲಗೆ. ಅದರ ಅಡಿಯಲ್ಲಿ ಇನ್ನೊಂದು ಹಲಗೆ ಅಡಗಿದ್ದು, ತಿರುಗಿಸಿದರೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಕಾಲು ಅದರ ಮೇಲೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ, ಲೋಕೋಪಯೋಗಿ ಇಲಾಖೆಯ ಐಬಿಗಳ ವರಾಂಡದಲ್ಲಿ ಇದು ಕಾಯಂ. ಬಿಸಿಲ ನಾಡಿಗೆ ಇದಕ್ಕಿಂತ ಹೊಂದುವ ಆಸನವನ್ನು ನಾನು ಕಂಡಿಲ್ಲ. ಬೆತ್ತದ ಕಣ್ಣುಗಳಿಂದ ಗಾಳಿ ಆಡುತ್ತದೆ. ಎಪ್ರಿಲ್ ಮಧ್ಯಾಹ್ನ ರೆಕ್ಸಿನ್ ಸೋಫಾದ ಮೇಲೆ ಕೂತು ಬೆವರಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಬಾಗಿದ ಕಟ್ಟಿಗೆಯ ಕುರ್ಚಿ. ಬೆನ್ನಿಗೆ ಕಮಾನು, ಕಮಾನಿನೊಳಗೆ ಇನ್ನೊಂದು ಚಿಕ್ಕ ಕಮಾನು, ದುಂಡು ಆಸನ, ಕಾಲುಗಳನ್ನು ಹಿಡಿದಿಡುವ ದುಂಡು ಬಳೆ. ಮುಂಬೈ, ಪುಣೆಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿದವರು ಇದರ ಮೇಲೆ ಕೂತೇ ಇರುತ್ತಾರೆ. ಇದರ ಮೂಲ ವಿಯೆನ್ನಾದ ಮೈಕೆಲ್ ಥೊನೆಟ್. ಬೀಚ್ ಮರದ ಉದ್ದ ಕೋಲುಗಳನ್ನು ಉಗಿಯಲ್ಲಿ ಬೇಯಿಸಿ, ಕಬ್ಬಿಣದ ಅಚ್ಚಿಗೆ ಬಗ್ಗಿಸಿ ಒಣಗಿಸುವ ವಿದ್ಯೆಯನ್ನು ಪಳಗಿಸಿಕೊಂಡ ಆತ 1859ರಲ್ಲಿ 14ನೇ ನಂಬರಿನ ಕುರ್ಚಿ ತಂದ. ಕಟ್ಟಿಗೆಯ 6 ತುಂಡು, 10 ಸ್ಕ್ರೂ, 2 ನಟ್ಟು. ಇಡೀ ಕುರ್ಚಿ ಇಷ್ಟೇ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಹಡಗಿನಲ್ಲಿ ಲೋಕವೆಲ್ಲ ಸುತ್ತಿ ಬಂದದ್ದು ಹೀಗೆ. 1869ರಲ್ಲಿ ಥೊನೆಟ್‌ನ ಪೇಟೆಂಟ್ ಮುಗಿದ ಮೇಲೆ ಕೋನ್‌ನಂಥ ಬೇರೆ ಕಂಪನಿಗಳೂ ಇದೇ ಕುರ್ಚಿ ಮಾಡತೊಡಗಿದವು. ನಿಮ್ಮ ಮನೆಯಲ್ಲಿ ಇಂಥದಿದ್ದರೆ ತಲೆಕೆಳಗು ಮಾಡಿ ಆಸನದ ಬಳೆಯ ಒಳಮೈ ನೋಡಿ. ಅಲ್ಲಿ ಒತ್ತಿದ ಹೆಸರು ಇಲ್ಲವೇ ಹರಿದ ಕಾಗದದ ಚೀಟಿ ಇರಬಹುದು. ಇದ್ದರೆ ಅದನ್ನು ಉಜ್ಜಬೇಡಿ, ಅದರ ಮೇಲೆ ಪಾಲಿಶ್ ಹಚ್ಚಬೇಡಿ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಕಚೇರಿ ಕುರ್ಚಿ. ನೆಟ್ಟನೆಯ ಬೆನ್ನು, ಚೌಕು ಕಾಲು, ಬೆತ್ತದ ಆಸನ, ಹಿಂದೆ ಬಿಳಿ ಬಣ್ಣದಲ್ಲಿ ಬರೆದ ಇಲಾಖೆಯ ನಂಬರು. ಹರಾಜಿನಲ್ಲಿ ಕಟ್ಟಿಗೆಯ ಭಾವಕ್ಕೆ ಹೋಗುವ ಮಾಲು ಇದು. ಚಂಡೀಗಢದ ಕಥೆ ಕೇಳಿದರೆ ಇದರ ಬೆಲೆ ತಿಳಿದೀತು. 1950ರ ದಶಕದಲ್ಲಿ ಆ ಹೊಸ ನಗರ ಕಟ್ಟುವಾಗ ಲೆ ಕಾರ್ಬ್ಯುಸಿಯೆಯ ಜೊತೆಗಾರ ಪಿಯರ್ ಜಾನ್ನರೆ ಕಚೇರಿಗಳಿಗಾಗಿ ಸಾಗವಾನಿ–ಬೆತ್ತದ ಸಾದಾ ಕುರ್ಚಿಗಳ ವಿನ್ಯಾಸ ಮಾಡಿದ. ಸಾವಿರಾರು ಸಂಖ್ಯೆಯಲ್ಲಿ ಅವನ್ನು ಮಾಡಿದವರು ಸ್ಥಳೀಯ ಬಡಗಿಗಳು. ಹಳತಾದ ಮೇಲೆ ಅವು ಕಚೇರಿಯ ಗಚ್ಚಿನ ಮೇಲೆ ಮಳೆ–ಬಿಸಿಲಿಗೆ ಬಿದ್ದು ಗುಜರಿಯ ದರಕ್ಕೆ ಹರಾಜಾದವು. ಕೊಂಡವರು ರಿಪೇರಿ ಮಾಡಿಸಿ ಪ್ಯಾರಿಸ್, ನ್ಯೂಯಾರ್ಕ್‌ನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಆ ಪಾರಂಪರಿಕ ಪೀಠೋಪಕರಣಗಳ ಮಾರಾಟ ನಿಲ್ಲಿಸಲು ಆದೇಶ ಹೊರಡಿಸುವಷ್ಟರಲ್ಲಿ ಬಹಳಷ್ಟು ಹೋಗಿಬಿಟ್ಟಿದ್ದವು. ನಮ್ಮ ತಾಲ್ಲೂಕು ಕಚೇರಿಯ ಕುರ್ಚಿಗೆ ಜಾನ್ನರೆಯ ಹೆಸರಿಲ್ಲ, ಲಕ್ಷವೂ ಬರದು. ಕಟ್ಟಿಗೆ, ಬೆತ್ತ, ಕೈಗೆಲಸ ಮಾತ್ರ ಅವೇ.

ಕೊಳ್ಳುವವರು ಮೋಸ ಹೋಗದಿರಲು ಎರಡು ಮಾತು. ಹೊಸ ಮಾವಿನ ಕಟ್ಟಿಗೆಗೆ ಕಪ್ಪು ಬಣ್ಣ ಬಳಿದು, ಸರಪಳಿಯಿಂದ ಹೊಡೆದು ಗಾಯ ಮಾಡಿ ‘ನೂರು ವರ್ಷದ್ದು’ ಎಂದು ಮಾರುವವರಿದ್ದಾರೆ. ನಿಜವಾದ ಹಳೆಯ ಕುರ್ಚಿ ಎಲ್ಲ ಕಡೆ ಒಂದೇ ಸಮನೆ ಸವೆದಿರುವುದಿಲ್ಲ. ತೋಳಿನ ತುದಿಯಲ್ಲಿ, ಅಂಗೈ ಕೂರುವಲ್ಲಿ ಅದು ನುಣುಪಾಗಿರುತ್ತದೆ. ಮುಂದಿನ ಅಡ್ಡಪಟ್ಟಿ ಹಿಮ್ಮಡಿ ತಾಕಿ ತಾಕಿ ನಡುವೆ ತಗ್ಗಾಗಿರುತ್ತದೆ. ಹಿಂಗಾಲಿನ ತಳ ಮುಂಗಾಲಿಗಿಂತ ಹೆಚ್ಚು ಸವೆದಿರುತ್ತದೆ, ಏಕೆಂದರೆ ಎಲ್ಲರೂ ಹಿಂದಕ್ಕೆ ಒರಗಿಯೇ ಕೂರುವುದು. ಆಸನದ ಅಡಿಯ ಕಟ್ಟಿಗೆಗೆ ಯಾರೂ ಪಾಲಿಶ್ ಮಾಡುವುದಿಲ್ಲ, ಅಲ್ಲಿ ಕೈ ಗರಗಸದ ಓರೆಕೋರೆ ಗೀರು ಕಾಣಬೇಕು. ಬೆತ್ತ ಪೋಣಿಸುವ ತೂತುಗಳ ನಡುವಿನ ಅಂತರ ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ ಇದ್ದರೆ ಅದು ಕೈಯಿಂದ ಕೊರೆದದ್ದು. ಎತ್ತಿಯೂ ನೋಡಿ. ಶೀಸಂ ಸಾಗವಾನಿಗಿಂತ ಚೆನ್ನಾಗಿ ಭಾರ.

ಇನ್ನು ರಿಪೇರಿ. ಇಲ್ಲಿಯೇ ಹೆಚ್ಚು ಕುರ್ಚಿಗಳು ಹಾಳಾಗುವುದು. ಮೊದಲ ತಪ್ಪು ಮೊಳೆ. ಸಂದು ಅಲುಗಾಡಿದರೆ ನಮ್ಮ ಕೈ ಸುತ್ತಿಗೆಗೆ ಹೋಗುತ್ತದೆ. ಒಣಗಿದ ಹಳೆ ಕಟ್ಟಿಗೆ ಮೊಳೆಗೆ ಸೀಳುತ್ತದೆ. ಅಲ್ಲಿಗೆ ಅಂಟಿನಿಂದ ಆಗಬಹುದಾಗಿದ್ದ ಕೆಲಸ ಹೊಸ ಕಾಲು ಮಾಡಿಸುವವರೆಗೆ ಹೋಗುತ್ತದೆ. ಹಳೆಯ ಸರೇಸಿನ ಮೇಲೆ ಬಿಳಿ ಗೋಂದು ಸುರಿದರೂ ಹಿಡಿಯದು. ಬಿಸಿ ನೀರಿನ ಬಟ್ಟೆಯಿಂದ ಹಳೆ ಅಂಟನ್ನು ಮೆತ್ತಗೆ ಮಾಡಿ, ಪೂರ್ತಿ ಕೆರೆದು ತೆಗೆದು, ಕಟ್ಟಿಗೆ ಒಣಗಿದ ಮೇಲೆ ಹೊಸದು ಹಚ್ಚಿ, ಹಗ್ಗದಿಂದ ಬಿಗಿದು ಒಂದು ದಿನ ಬಿಡಬೇಕು. ನೆರೆಯಲ್ಲಿ ನೆನೆದ ಕುರ್ಚಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಕೆಸರನ್ನು ಹಸಿ ಇರುವಾಗಲೇ ತೊಳೆಯಬೇಕು, ಬಿಸಿಲಿಗೆ ಇಡಬಾರದು. ಇಟ್ಟಿಗೆಯ ಮೇಲೆ ಎತ್ತರಿಸಿ, ನೆರಳಲ್ಲಿ, ಗಾಳಿ ಆಡುವಲ್ಲಿ ವಾರಗಟ್ಟಲೆ ಒಣಗಬೇಕು. ಅವಸರ ಮಾಡಿದರೆ ಕಟ್ಟಿಗೆ ಬಾಯಿ ಬಿಡುತ್ತದೆ.

ಎರಡನೆಯ ತಪ್ಪು ಮಶೀನು ಹಚ್ಚಿ ಉಜ್ಜುವುದು. ಹಳೆಯ ಪಾಲಿಶ್ ಕಿತ್ತು, ಕಟ್ಟಿಗೆಯ ಮೇಲ್ಮೈ ಕಿತ್ತು, ಹೊಳೆಯುವ ಪಿಯು ಪಾಲಿಶ್ ಬಳಿದು ಕೊಟ್ಟಾಗ ಮನೆಯವರಿಗೆ ಖುಷಿ, ಕುರ್ಚಿಯದು ಮಾತ್ರ ನೂರು ವರ್ಷದ ಮೈಬಣ್ಣ ಹೋಯಿತು. ಹಿಂದಿನ ಪಾಲಿಶ್ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳ್ಳಗೆ, ಮತ್ತೆ ಮತ್ತೆ ಒರೆಸಿ ಮಾಡಿದ್ದು. ಗುರುತಿಸುವುದು ಸುಲಭ: ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದರೆ ಹತ್ತಿ ಕಂದಾಗುತ್ತದೆ. ಅಂಥ ಕುರ್ಚಿಗೆ ಬೇಕಾದ್ದು ಒರೆಸಿ ಸ್ವಚ್ಛ ಮಾಡಿ, ಅದೇ ಅರಗಿನ ಪಾಲಿಶ್‌ನ ಒಂದೆರಡು ಕೈ. ಬಿಸಿ ಚಹಾದ ಕಪ್ಪು ಇಟ್ಟರೆ ಮಾತ್ರ ಇದರ ಮೇಲೆ ಬಿಳಿ ಉಂಗುರ ಏಳುತ್ತದೆ, ಅಷ್ಟು ಜೋಪಾನ ಸಾಕು.

ಬೆತ್ತದ ಕೆಲಸ ಬೇರೆಯೇ ವಿದ್ಯೆ. ಆಸನದ ಚೌಕಟ್ಟಿನ ಸುತ್ತ ತೂತು. ಬೆತ್ತದ ಹೊರಮೈಯಿಂದ ಸೀಳಿದ ತೆಳು ಪಟ್ಟಿಯನ್ನು ನೀರಲ್ಲಿ ಕಾಲು ಗಂಟೆ ನೆನೆಸಿ, ಹೊಳೆಯುವ ಮೈ ಮೇಲಾಗಿ ಹಿಡಿದು, ನಡುವಿನ ತೂತಿನಿಂದ ಶುರು ಮಾಡುತ್ತಾರೆ. ಮೊದಲು ಹಿಂದಿನಿಂದ ಮುಂದಕ್ಕೆ ಒಂದು ಸಾಲು, ಅದರ ಮೇಲೆ ಅಡ್ಡ ಒಂದು ಸಾಲು, ಮತ್ತೆ ಹಿಂದೆ–ಮುಂದೆ ಎರಡನೆಯದು, ಎರಡನೆಯ ಅಡ್ಡಸಾಲನ್ನು ಇವುಗಳ ನಡುವೆ ಮೇಲೆ–ಕೆಳಗೆ ನೇಯುತ್ತ ಹೋಗಬೇಕು. ಆಮೇಲೆ ಓರೆಯಾಗಿ ಒಂದು ದಿಕ್ಕಿಗೆ, ಓರೆಯಾಗಿ ಇನ್ನೊಂದು ದಿಕ್ಕಿಗೆ. ಆಗ ನಡುವೆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಕೊನೆಗೆ ತೂತುಗಳನ್ನು ಮುಚ್ಚುವ ಅಂಚಿನ ಪಟ್ಟಿ. ಆರು ಸಾಲು ಬೆತ್ತ ಒಂದರ ಭಾರವನ್ನು ಒಂದು ಹಂಚಿಕೊಳ್ಳುವುದರಿಂದಲೇ ಅಷ್ಟು ತೆಳುವಾದದ್ದು ದೊಡ್ಡ ಆಳನ್ನೂ ತಡೆಯುತ್ತದೆ.

ಬೆರಳ ತುದಿಯ ಲೆಕ್ಕದ ಮೇಲೆ ನಿಂತ ಈ ಕೆಲಸವನ್ನು ದೇಶದ ಅಂಧ ಶಾಲೆಗಳಲ್ಲಿ ಕಸುಬಾಗಿ ಕಲಿಸುತ್ತಿದ್ದರು. ದೃಷ್ಟಿ ಇಲ್ಲದವರಿಗಾಗಿ ಗುರುತಿಸಿದ ಸರ್ಕಾರಿ ಹುದ್ದೆಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಹುದ್ದೆಯೂ ಒಂದಾಗಿತ್ತು. ಎಷ್ಟೋ ಮಂದಿ ಅದರಿಂದ ಸಂಸಾರ ನಡೆಸಿದ್ದಾರೆ. ಪ್ಲಾಸ್ಟಿಕ್ ವಾಯರು, ಆಮೇಲೆ ಅಚ್ಚು ಹೊಯ್ದ ಪ್ಲಾಸ್ಟಿಕ್ ಕುರ್ಚಿ, ಆಮೇಲೆ ಗಿರಗಿರ ತಿರುಗುವ ಸ್ಪಂಜಿನ ಕುರ್ಚಿ ಬಂದು ಕಚೇರಿಗಳಿಂದ ಬೆತ್ತ ಹೊರಬಿತ್ತು. ಹೆಣೆಯುವವರಿಗೆ ಕೆಲಸ ಹೋಯಿತು. ನಮ್ಮ ಕಡೆ ಬಡಿಗೇರರನ್ನು ಕೇಳಿದರೆ ಉತ್ತರ ಒಂದೇ: ‘ಕಟ್ಟಿಗಿಗೆ ಏನೂ ಆಗಿಲ್ರೀ ಕಾಕಾ, ನಾ ಮಾಡಿ ಕೊಡತೇನಿ. ಬೆತ್ತ ಹೆಣಿಯಾವ್ರನ್ನ ನೀವ ಹುಡುಕಬೇಕು.’ ಹುಡುಕುವುದು ಕಷ್ಟ ಎಂದು ಬಹಳ ಮಂದಿ ಅಲ್ಲಿಗೆ ಪ್ಲೈವುಡ್ ಬಡಿದು ಸ್ಪಂಜು ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಡವಾದರೂ ಹೆಣೆಯುವವರನ್ನು ಹುಡುಕಿ. ಊರಿಗೆ ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕೆಲಸ ಕೊಟ್ಟರೆ ದೂರದವರೂ ಬಂದು ಮಾಡಿಕೊಡುತ್ತಾರೆ. ನಮ್ಮ ಐಟಿಐಗಳಲ್ಲಿ ಬಡಿಗತನ ಕಲಿಯುವ ಹುಡುಗರಿಗೆ, ಹುಡುಗಿಯರಿಗೆ ಇದನ್ನೂ ಕಲಿಸಿದರೆ ಅದು ಹೊಟ್ಟೆ ಹೊರೆಯುವ ವಿದ್ಯೆಯೇ ಆದೀತು. ಹಳೆ ಕುರ್ಚಿಯ ಆಸೆ ಈಗ ಮನೆ ಮನೆಗೆ ಬಂದಿದೆಯಲ್ಲ.

ಬೆತ್ತ ಹರಿಯದೆ ಜೋತು ಮಾತ್ರ ಬಿದ್ದಿದ್ದರೆ ಖರ್ಚೇ ಇಲ್ಲದ ಉಪಾಯವಿದೆ. ಕುರ್ಚಿ ಬೋರಲು ಹಾಕಿ, ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯನ್ನು ಹೆಣಿಗೆಯ ಅಡಿಮೈಗೆ ಅರ್ಧ ಗಂಟೆ ಹಾಸಿ, ಆಮೇಲೆ ನೆರಳಲ್ಲಿ ಒಣಗಲು ಬಿಡಿ. ಒಣಗುತ್ತ ಅದು ಬಿಗಿಯಾಗುತ್ತದೆ. ಎರಡು ದಿನ ಯಾರೂ ಕೂರಬಾರದು. ಬೆತ್ತದ ಮೇಲೆ ಮೊಣಕಾಲೂರಿ ಫ್ಯಾನ್ ಒರೆಸಲು ಹತ್ತುವುದನ್ನು ಮಾತ್ರ ಎಂದೂ ಮಾಡಬೇಡಿ. ಭಾರ ಹರಡದೆ ಒಂದೇ ಕಡೆ ಬಿದ್ದರೆ ಎಂಥ ಹೆಣಿಗೆಯೂ ಹರಿಯುತ್ತದೆ.

ಮನೆಯಲ್ಲಿ ಇಡುವ ಮಾತಿಗೆ ಬರೋಣ. ಹೊಸ ಹಾಲ್‌ಗೆ ಒಂದು ಹಳೆ ಕುರ್ಚಿ ಚೆಂದ, ಎರಡು ಇದ್ದರೂ ಸರಿ. ಆರು ತಂದು ತುಂಬಿದರೆ ಉಗ್ರಾಣ. ಆರಾಮ ಕುರ್ಚಿಗೆ ತೋಳು ಚಾಚಿದಾಗ 5ರಿಂದ 6 ಅಡಿ ಜಾಗ ಬೇಕು. 12 ಅಡಿ ಅಗಲದ ಹಾಲ್‌ನಲ್ಲಿ ಸೋಫಾ, ಟೀಪಾಯಿ ಇಟ್ಟ ಮೇಲೆ ಅಷ್ಟು ಉಳಿಯುವುದಿಲ್ಲ. ಅದಕ್ಕೆ ತಕ್ಕ ಜಾಗ ಮುಂಬಾಗಿಲ ಕಟ್ಟೆಯ ಪಕ್ಕ, ಮೇಲಿನ ಮಹಡಿಯ ಗ್ಯಾಲರಿ, ಕಿಟಕಿಯ ಬದಿ. ಬಿಸಿಲು ನೇರ ಬೀಳದಂತೆ ನೋಡಿಕೊಂಡರೆ ಸಾಕು. ಬಾಗಿದ ಕಟ್ಟಿಗೆಯ ಕುರ್ಚಿ ಹಗುರ, ಅದು ಓದುವ ಟೇಬಲ್ಲಿಗೆ ಹೇಳಿ ಮಾಡಿಸಿದ್ದು. ಊಟದ ಟೇಬಲ್ಲಿಗೆ ಹಳೆ ಕುರ್ಚಿ ಬೇಕೆನ್ನುವವರು ಟೇಪು ಹಿಡಿಯಿರಿ. ಇಂದಿನ ಟೇಬಲ್ಲು ಸುಮಾರು 30 ಇಂಚು ಎತ್ತರ. ಆಸನ 18 ಇಂಚು ಇದ್ದರೆ ಕೈ ಸಲೀಸು. ಹಳೆಯವು ಕೆಲವು 16 ಇಂಚೇ ಇರುತ್ತವೆ, ಮೇಲೆ ತೆಳು ಗಾದಿ ಹಾಕಬೇಕಾಗುತ್ತದೆ. ಗಾದಿಗೆ ಗುಳೇದಗುಡ್ಡದ ಖಣದ ಬಟ್ಟೆಯ ಕವಚ ಹೊಲಿಸಿದರೆ ಕಪ್ಪು ಕಟ್ಟಿಗೆಯ ಮೇಲೆ ಆ ಕುಂಕುಮದ ಬಣ್ಣ ಎದ್ದು ಕಾಣುತ್ತದೆ. ಕುರ್ಚಿಯ ಹಿಂದಿನ ಗೋಡೆ ಸಾದಾ ಇರಲಿ. ವಾಲ್‌ಪೇಪರಿನ ಹೂಬಳ್ಳಿಯ ಮುಂದೆ ಕೆತ್ತನೆಯ ಹೂಬಳ್ಳಿ ಕಾಣುವುದಿಲ್ಲ.

ಟೈಲ್ಸಿನ ನೆಲದ ಬಗ್ಗೆ ಯಾರೂ ಹೇಳುವುದಿಲ್ಲ. ಹಳೆಯ ಕುರ್ಚಿಗಳು ಸಾರಿಸಿದ ನೆಲಕ್ಕೆ, ಶಹಾಬಾದ ಕಲ್ಲಿಗೆ ಹೊಂದಿಕೊಂಡವು. ನುಣುಪು ಟೈಲ್ಸಿನ ಮೇಲೆ ಅವು ಜಾರುತ್ತವೆ. ವಯಸ್ಸಾದವರು ತೋಳಿಗೆ ಕೈ ಊರಿ ಏಳುವಾಗ ಕುರ್ಚಿ ಹಿಂದೆ ಸರಿದರೆ ಬಿದ್ದು ತೊಡೆಯ ಎಲುಬು ಮುರಿಯುತ್ತದೆ. ಮತ್ತೆ ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತೇವೆ. ಆ ಒದ್ದೆ ಕಾಲಿನ ತಳದಿಂದ ಮೇಲೇರಿ ಒಳಗೊಳಗೇ ಕಟ್ಟಿಗೆ ಕೊಳೆಯುತ್ತದೆ. ಬೀಚ್ ಮರಕ್ಕಂತೂ ಒದ್ದೆ ಮತ್ತು ಹುಳು ಎರಡೂ ಆಗುವುದಿಲ್ಲ. ಪ್ರತಿ ಕಾಲಿನ ತಳಕ್ಕೆ ಕಾಲಿಂಚು ದಪ್ಪದ ರಬ್ಬರಿನ ಬಿಲ್ಲೆ ಹಾಕಿಸಿದರೆ ಜಾರುವುದೂ ನಿಲ್ಲುತ್ತದೆ, ನೀರೂ ತಾಕುವುದಿಲ್ಲ. ಕುರ್ಚಿಯ ಕೆಳಗೆ ಬೆಳಗ್ಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಕೊರೆಯುತ್ತಿದೆ ಎಂದು ಅರ್ಥ. ಹುಳುವಿನ ಔಷಧವನ್ನು ಸಿರಿಂಜಿನಿಂದ ತೂತಿಗೆ ಬಿಡಿಸಿ, ಆ ಕುರ್ಚಿಯನ್ನು ಉಳಿದ ಕಟ್ಟಿಗೆ ಸಾಮಾನಿನಿಂದ ದೂರ ಇಡಬೇಕು. ಸಾಗವಾನಿಯ ಒಳತಿರುಳಿಗೆ ಹುಳು ಹತ್ತುವುದು ಕಡಿಮೆ. ಹತ್ತುವುದೇನಿದ್ದರೂ ಹೊರಗಿನ ಬಿಳಿ ಭಾಗಕ್ಕೆ.

ಕಾನೂನಿನ ಮಾತು ಚಿಕ್ಕದು. 100 ವರ್ಷ ದಾಟಿದ ಕರಕುಶಲದ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮನೆಯಲ್ಲಿ ಇಟ್ಟುಕೊಂಡು ಬಳಸಲು ಅಡ್ಡಿಯಿಲ್ಲ, ದೇಶದ ಹೊರಗೆ ಒಯ್ಯುವಂತಿಲ್ಲ. ಶೀಸಂನ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2017ರಿಂದ ನಿರ್ಬಂಧವಿದೆ. ಅಮೆರಿಕದ ಮಗ ‘ಅಜ್ಜನ ಕುರ್ಚಿ ಕಳಿಸ್ರಿ’ ಎಂದರೆ ಮೊದಲು ಇದನ್ನು ವಿಚಾರಿಸಬೇಕು.

ಮಾರುವ ಮೊದಲು ಮುಧೋಳದ ಅರಮನೆಯನ್ನೂ ನೆನೆಯಬೇಕು. ಅದರ ದರ್ಬಾರ್ ಹಾಲನ್ನು ಈಗ ನೋಡಬೇಕೆಂದರೆ ಮಣಿಪಾಲಕ್ಕೆ ಹೋಗಬೇಕು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಮಾಡಿದರು. ಅವರು 2017ರಲ್ಲಿ ತೀರಿಕೊಂಡರು. ಅವರ ಕೈ ಸೇರಿದ್ದರಿಂದ ಆ ಕಟ್ಟಿಗೆ ಉಳಿಯಿತು, ಅದಕ್ಕೆ ನಾವು ಋಣಿಗಳು. ಆದರೂ ನಮ್ಮ ಕಡೆಯ ಎಲ್ಲ ವಾಡೆಗಳಿಗೂ ಅಂಥ ಒಬ್ಬ ಶೆಣೈ ಸಿಗುವುದಿಲ್ಲ. ಮಾರಿದರೆ ಸಾಗಿಸಲು ಹೆದ್ದಾರಿ ಪಕ್ಕದಲ್ಲೇ ಇದೆ. ಟೆಂಪೊ ಏರಿದ ಕುರ್ಚಿ ಪುಣೆಯ ಜೂನಾ ಬಜಾರಿಗೋ ಮುಂಬೈಯ ಚೋರ್ ಬಜಾರಿಗೋ ಹೋಗುತ್ತದೆ, ಅಲ್ಲಿಂದ ಮುಂದೆ ಯಾವ ಊರಿನದು ಎಂಬ ಗುರುತೇ ಇಲ್ಲದೆ ಯಾರದೋ ಮನೆ ಸೇರುತ್ತದೆ.

ನಿಮ್ಮ ಕುರ್ಚಿಗೆ ಆ ಗುರುತನ್ನು ನೀವೇ ಕೊಡಬಹುದು. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ: ಯಾವ ಊರಲ್ಲಿ, ಯಾವ ಬಡಿಗೇರರ ಮನೆಯವರು ಮಾಡಿದ್ದು, ಯಾರ ಕಾಲದ್ದು, ಕಟ್ಟಿಗೆ ಎಲ್ಲಿಂದ ಬಂತು, ಯಾವ ವರ್ಷ ಬೆತ್ತ ಬದಲಿಸಿದ್ದು, ಯಾವ ಮಹಾಪೂರದಲ್ಲಿ ನೆನೆದದ್ದು. ಗೊತ್ತಿರುವಷ್ಟನ್ನೇ ಬರೆದರೆ ಸಾಕು. ಅದನ್ನು ಆಸನದ ಅಡಿಯ ಪಾಲಿಶ್ ಇಲ್ಲದ ಕಟ್ಟಿಗೆಯ ಮೇಲೆ ಪೆನ್ಸಿಲಿನಿಂದಲೇ ಬರೆಯಿರಿ. ಪೆನ್ನಿನ ಮಸಿ ಹರಡುತ್ತದೆ, ಅಂಟಿಸಿದ ಚೀಟಿ ನೀರಿಗೆ ಬಿಡುತ್ತದೆ. ಪೆನ್ಸಿಲಿನ ಗೆರೆಗೆ ನೀರು ತಾಕಿದರೂ ಏನೂ ಆಗುವುದಿಲ್ಲ.